ಇನ್ನೂರೊಂದನೆಯ ಯೂನಿಟ್ಟು

ಪೆನ್ನು, ಕಾಗದ ಹತ್ತಿರವಿದ್ದರೆ ಕೈಗೆ ತೆಗೆದುಕೊಳ್ಳಿ. ಈ ತಿಂಗಳ ಕರೆಂಟ್ ಬಿಲ್ಲಿನ ಚೀಟಿ ಸಿಕ್ಕರೆ ಅದನ್ನೂ ಎದುರಿಗಿಟ್ಟುಕೊಳ್ಳಿ. ಇವತ್ತು ನಾನು ಹೇಳುವುದೆಲ್ಲ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಲೆಕ್ಕ. ಐದನೆಯ ತರಗತಿ ದಾಟಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಆದರೂ ನಮ್ಮ ಹೈದರಾಬಾದಿನ ಎಷ್ಟೋ ಮನೆಗಳಲ್ಲಿ ಈ ಚೀಟಿಯ ಕೊನೆಯ ಸಾಲನ್ನು ಮಾತ್ರ ಓದುತ್ತಾರೆ. ಕೊನೆಯ ಸಾಲಿನಲ್ಲಿ ಇರುವುದು ಕಟ್ಟಬೇಕಾದ ಮೊತ್ತ. ಅದು ಹೇಗೆ ಬಂತು ಎನ್ನುವ ಕಥೆ ಅದರ ಮೇಲಿನ ಸಾಲುಗಳಲ್ಲಿದೆ.

ನಾನು ಗಣಿತದ ಶಿಕ್ಷಕಿಯಾಗಿದ್ದವಳು. ನಿವೃತ್ತಿಯಾಗಿ ವರ್ಷಗಳಾದರೂ ನಮ್ಮ ಓಣಿಯ ಕನ್ನಡದ ಮನೆಗಳವರು ಇನ್ನೂ ‘ಅಕ್ಕೋರೆ’ ಎಂದೇ ಕರೆಯುತ್ತಾರೆ. ಹೋದ ಬೇಸಿಗೆಯ ಒಂದು ಸಂಜೆ ಮೇಲಿನ ಮನೆಯ ಸೊಸೆ ಎರಡು ಚೀಟಿ ಹಿಡಿದು ಬಂದಳು. ಕಲಬುರಗಿ ಕಡೆಯ ಹುಡುಗಿ. ಹಿಂದೆ ಆರನೆಯ ತರಗತಿಯ ಅವಳ ಮಗ.

“ಅಕ್ಕೋರೆ, ಮೀಟರ್ ಕೆಟ್ಟದೇನ್ ನೋಡ್ರಿ. ಹೋದ ತಿಂಗಳ ನೂರಾ ತೊಂಬತ್ತೆಂಟು ಯೂನಿಟ್ ಬಂದಿತ್ತು, ಈ ತಿಂಗಳ ಇನ್ನೂರಾ ಮೂರು. ಐದೇ ಯೂನಿಟ್ ಹೆಚ್ಚಾಗ್ಯದ. ಬಿಲ್ ಮಾತ್ರ ಇನ್ನೂರು ರೂಪಾಯಿಗಿಂತ ಹೆಚ್ಚು ಏರ್ಯದ!”

ಮೀಟರ್ ಸರಿಯಾಗಿಯೇ ಇತ್ತು. ಬಿಲ್ಲೂ ಸರಿಯಾಗಿಯೇ ಇತ್ತು. ಮೂವರೂ ಕೂತು ಲೆಕ್ಕ ಹಾಕಿದೆವು. ಅದನ್ನೇ ನಿಮಗೂ ಹೇಳುತ್ತೇನೆ, ಬರೆದುಕೊಳ್ಳಿ.

ಹೈದರಾಬಾದಿನ ಮನೆಗಳಿಗೆ 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ದರಪಟ್ಟಿ ಇದೆ. 2024ರ ಅಕ್ಟೋಬರ್‌ನ ಆದೇಶದಲ್ಲೂ ಮನೆಬಳಕೆಯ ಯೂನಿಟ್ ದರ ಬದಲಾಗಲಿಲ್ಲ. ಆ ಪಟ್ಟಿ ಮನೆಗಳನ್ನು ಮೂರು ಗುಂಪು ಮಾಡುತ್ತದೆ. ತಿಂಗಳಿಗೆ 100 ಯೂನಿಟ್ ಒಳಗಿನವರು ಒಂದು ಗುಂಪು. ಅವರಿಗೆ ಮೊದಲ 50 ಯೂನಿಟ್ಟಿಗೆ ತಲಾ 1 ರೂಪಾಯಿ 95 ಪೈಸೆ, ಮುಂದಿನ 50ಕ್ಕೆ 3 ರೂಪಾಯಿ 10 ಪೈಸೆ. 100 ದಾಟಿ 200ರ ಒಳಗಿರುವವರು ಎರಡನೆಯ ಗುಂಪು. ಅವರಿಗೆ ಮೊದಲ 100 ಯೂನಿಟ್ಟಿಗೆ 3 ರೂಪಾಯಿ 40 ಪೈಸೆ, ಉಳಿದದ್ದಕ್ಕೆ 4 ರೂಪಾಯಿ 80 ಪೈಸೆ. 200 ದಾಟಿದರೆ ಮೂರನೆಯ ಗುಂಪು. ಅಲ್ಲಿ ಮೊದಲ 200ಕ್ಕೆ 5 ರೂಪಾಯಿ 10 ಪೈಸೆ, 201ರಿಂದ 300ರವರೆಗೆ 7 ರೂಪಾಯಿ 70 ಪೈಸೆ, 400ರವರೆಗೆ 9 ರೂಪಾಯಿ, 800ರವರೆಗೆ ಒಂಬತ್ತೂವರೆ, ಅದರಾಚೆ 10 ರೂಪಾಯಿ.

ಈಗ ಹೋದ ತಿಂಗಳ 198. ಮೊದಲ 100ಕ್ಕೆ 340 ರೂಪಾಯಿ. ಉಳಿದ 98ನ್ನು 4.80ರಿಂದ ಗುಣಿಸಿದರೆ 470 ರೂಪಾಯಿ 40 ಪೈಸೆ. ಕೂಡಿದರೆ 810.40. ಈ ತಿಂಗಳ 203. ಮೊದಲ 200ಕ್ಕೆ 1,020. ಮಿಕ್ಕ 3ಕ್ಕೆ 23.10. ಒಟ್ಟು 1,043.10. ಕಳೆಯಿರಿ. 232 ರೂಪಾಯಿ 70 ಪೈಸೆ. ಐದು ಯೂನಿಟ್ಟಿನ ಬೆಲೆ!

“ಅಂದರ ಐದು ಯೂನಿಟ್ಟಿಗೆ ಇಷ್ಟು ರೊಕ್ಕ ಅಲ್ಲ, ಹಿಂದಿನ ಇನ್ನೂರಕ್ಕೂ ರೇಟು ಏರ್ಯದ” ಎಂದ ಹುಡುಗ. ಅವನ ತಾಯಿಗಿಂತ ಮೊದಲು ಅವನಿಗೆ ಹೊಳೆಯಿತು.

ಅವನು ಹಿಡಿದದ್ದೇ ಇಡೀ ಚೀಟಿಯ ಗುಟ್ಟು. ನಾವು ಸಾಮಾನ್ಯವಾಗಿ ತಿಳಿದಿರುವುದು ಏನೆಂದರೆ ಹೆಚ್ಚು ಉರಿಸಿದರೆ ಹೆಚ್ಚಿನ ಯೂನಿಟ್ಟಿಗೆ ಮಾತ್ರ ಹೆಚ್ಚಿನ ದರ ಬೀಳುತ್ತದೆ, ಮೆಟ್ಟಿಲು ಹತ್ತಿದ ಹಾಗೆ. ಒಂದು ಗುಂಪಿನ ಒಳಗೆ ಅದು ನಿಜ. ಗುಂಪಿನಿಂದ ಗುಂಪಿಗೆ ಹೋಗುವಾಗ ಮೆಟ್ಟಿಲಿಲ್ಲ, ಗೋಡೆಯಿದೆ. 100 ಯೂನಿಟ್ಟಿಗೆ 252 ರೂಪಾಯಿ 50 ಪೈಸೆ. 101ಕ್ಕೆ 344 ರೂಪಾಯಿ 80 ಪೈಸೆ. ಆ ನೂರೊಂದನೆಯ ಯೂನಿಟ್ಟೊಂದರ ಬೆಲೆ 92 ರೂಪಾಯಿ 30 ಪೈಸೆ. 200ಕ್ಕೆ 820 ರೂಪಾಯಿ, 201ಕ್ಕೆ 1,027 ರೂಪಾಯಿ 70 ಪೈಸೆ. ಇನ್ನೂರೊಂದನೆಯ ಯೂನಿಟ್ಟಿನ ಬೆಲೆ 207 ರೂಪಾಯಿ 70 ಪೈಸೆ.

ಇದಲ್ಲದೆ ಚೀಟಿಯಲ್ಲಿ ಇನ್ನೂ ಕೆಲವು ಸಾಲುಗಳಿವೆ. ಮನೆಗೆ ಮಂಜೂರಾದ ಕಿಲೋವಾಟಿಗೆ ತಲಾ 10 ರೂಪಾಯಿ ಫಿಕ್ಸೆಡ್ ಚಾರ್ಜು. ಯೂನಿಟ್ಟಿಗೆ 6 ಪೈಸೆ ವಿದ್ಯುತ್ ಸುಂಕ. ಕಸ್ಟಮರ್ ಚಾರ್ಜು ಎಂಬುದೂ ಬಳಕೆ ಏರಿದಂತೆ ಏರುತ್ತದೆ. ಆಗಾಗ ಎಸಿಡಿ ಎಂಬ ಸಾಲು ಬಂದು ಗಾಬರಿಪಡಿಸುತ್ತದೆ. ಅದು ಠೇವಣಿ, ನಿಮ್ಮ ಹೆಸರಿನಲ್ಲೇ ಇರುವ ಹಣ. ಬಳಕೆ ಹೆಚ್ಚಿದ ಮನೆಯವರಿಂದ ಎರಡು ತಿಂಗಳ ಬಿಲ್ಲಿನ ಅಂದಾಜಿಗೆ ಸರಿದೂಗುವಷ್ಟು ಕಟ್ಟಿಸಿಕೊಳ್ಳುತ್ತಾರೆ. ಇವನ್ನೆಲ್ಲ ಬದಿಗಿಟ್ಟು ನಾನು ಇವತ್ತು ಯೂನಿಟ್ಟಿನ ಲೆಕ್ಕವನ್ನಷ್ಟೇ ಹೇಳುತ್ತೇನೆ. ಗೋಡೆ ಇರುವುದು ಅಲ್ಲಿ.

ಬಿಳಿ ರೇಷನ್ ಕಾರ್ಡಿನ ಮನೆಗಳ ಪಾಲಿಗೆ ಈ ಗೋಡೆ ಇನ್ನೂ ಎತ್ತರ. 2024ರ ಮಾರ್ಚ್ ಬಿಲ್ಲಿನಿಂದ ತೆಲಂಗಾಣದಲ್ಲಿ ಗೃಹಜ್ಯೋತಿ ಬಂತು. ಯೋಜನೆಗೆ ಸೇರಿದ ಮನೆಗೆ 200 ಯೂನಿಟ್ಟಿನ ತನಕ ಸೊನ್ನೆ ಬಿಲ್ಲು. 201 ಆದರೆ ಇಡೀ ಬಿಲ್ಲು. ಅಂದರೆ ಆ ಒಂದು ಯೂನಿಟ್ಟು ಸಾವಿರ ರೂಪಾಯಿ ದಾಟಿತು. ನಮ್ಮ ಓಣಿಯಲ್ಲಿ ನಾಲ್ಕು ಮನೆಯ ಪಾತ್ರೆ ತೊಳೆದು ಸಂಸಾರ ನಡೆಸುವ ಹೆಣ್ಣುಮಕ್ಕಳಿದ್ದಾರೆ. ಆ ಸಾವಿರ ಅವರಿಗೆ ಎಷ್ಟು ದಿನದ ದುಡಿಮೆ ಎಂದು ನನಗೆ ಗೊತ್ತು. ಅದಕ್ಕೇ ಈ ಲೆಕ್ಕವನ್ನು ನಾನು ಹಗುರವಾಗಿ ಹೇಳಲಾರೆ.

ಕರ್ನಾಟಕದಲ್ಲಿ ಬಂಧುಗಳಿರುವವರು ಫೋನಿನಲ್ಲಿ ಬಿಲ್ಲು ಹೋಲಿಸಿಕೊಳ್ಳುವುದುಂಟು. ಅಲ್ಲಿಯ ಗೃಹಜ್ಯೋತಿ 2023ರದ್ದು. ಆ ವರ್ಷ ಆಗಸ್ಟ್ 5ರಂದು ಕಲಬುರಗಿಯಲ್ಲೇ ಅದಕ್ಕೆ ಚಾಲನೆ ಕೊಟ್ಟರು. ಅಲ್ಲಿ ಲೆಕ್ಕ ಬೇರೆ. ಯೋಜನೆ ಶುರುವಾದಾಗ ಮನೆಯ ಹಿಂದಿನ ವರ್ಷದ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿ ಅಷ್ಟು ಉಚಿತ ಮಾಡಿದರು. ಅದನ್ನು ಮೀರಿ 200ರ ಒಳಗಿದ್ದರೆ ಮೀರಿದಷ್ಟಕ್ಕೆ ಮಾತ್ರ ಹಣ. ಯೋಜನೆಯ ಹೊರಗಿನವರಿಗೆ 2024ರ ಏಪ್ರಿಲ್‌ನಿಂದ ಎಷ್ಟು ಉರಿಸಿದರೂ ಯೂನಿಟ್ಟಿಗೆ ಒಂದೇ ದರ, 5 ರೂಪಾಯಿ 90 ಪೈಸೆ ಎಂದಾಯಿತು. ಕಿಲೋವಾಟಿಗೆ 120 ರೂಪಾಯಿ ಫಿಕ್ಸೆಡ್ ಚಾರ್ಜು ಬೇರೆ. 3 ಕಿಲೋವಾಟಿನ ಮನೆ ತಿಂಗಳಿಗೆ 100 ಯೂನಿಟ್ ಉರಿಸಿದರೆ ಕಲಬುರಗಿಯಲ್ಲಿ ಆ ವರ್ಷದ ದರದಲ್ಲಿ 590ಕ್ಕೆ 360 ಕೂಡಿ 950 ರೂಪಾಯಿ. ಹೈದರಾಬಾದಿನಲ್ಲಿ 252.50ಕ್ಕೆ 30 ಕೂಡಿ 282.50. ಅದೇ ಮನೆ 400 ಯೂನಿಟ್ ಉರಿಸಿತು ಅನ್ನಿ. ಅಲ್ಲಿ 2,360ಕ್ಕೆ 360 ಸೇರಿ 2,720. ಇಲ್ಲಿ 1,020, 770, 900 ಕೂಡಿ 2,690, ಅದಕ್ಕೆ 30 ಸೇರಿ 2,720. ತೆರಿಗೆ ಮತ್ತಿತರ ಸಣ್ಣ ಸಾಲುಗಳನ್ನು ಬಿಟ್ಟರೆ ಎರಡೂ ಊರು ರೂಪಾಯಿಗೆ ರೂಪಾಯಿ ಸಮ! ಹಾಗಾಗಿ ‘ನಿಮ್ಮೂರಲ್ಲಿ ಅಗ್ಗ, ನಮ್ಮೂರಲ್ಲಿ ತುಟ್ಟಿ’ ಎಂಬ ಮಾತಿಗೆ ಮೊದಲು ಎಷ್ಟು ಯೂನಿಟ್ಟು ಎಂದು ಕೇಳಬೇಕು.

ಇಷ್ಟಕ್ಕೂ ಯೂನಿಟ್ ಎಂದರೆ ಏನು? ಸಾವಿರ ವಾಟಿನ ಒಂದು ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಎರಡು ಸಾವಿರ ವಾಟಿನ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ನುಂಗುತ್ತದೆ. 9 ವಾಟಿನ ಎಲ್‌ಇಡಿ ದೀಪಕ್ಕೆ ಅದೇ ಒಂದು ಯೂನಿಟ್ 111 ಗಂಟೆ ಸಾಕು. ಆದ್ದರಿಂದ ದೀಪ ಆರಿಸು ಎಂದು ಮಕ್ಕಳನ್ನು ಗದರುವ ಮನೆಯಲ್ಲಿ ಗೀಸರ್ ಬೆಳಿಗ್ಗೆಯೆಲ್ಲ ಹೊತ್ತಿದ್ದರೆ ಗದರಿಕೆ ತಪ್ಪು ಕಡೆ ಬಿದ್ದಿದೆ. ವಾಟನ್ನು ಗಂಟೆಯಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಇದೊಂದೇ ಸೂತ್ರ. ಹಳೆಯ ಬಗೆಯ 75 ವಾಟಿನ ಸೀಲಿಂಗ್ ಫ್ಯಾನ್ ದಿನಕ್ಕೆ 20 ಗಂಟೆ ತಿರುಗಿದರೆ 1,500, ಅಂದರೆ ಒಂದೂವರೆ ಯೂನಿಟ್. ತಿಂಗಳಿಗೆ 45. ಈಗ ಬಂದಿರುವ 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಅಷ್ಟೇ ಹೊತ್ತಿಗೆ ತಿಂಗಳಿಗೆ 18. ಉಳಿತಾಯ 27 ಯೂನಿಟ್.

ಆ 27 ಯೂನಿಟ್ಟಿಗೆ ಬೆಲೆ ಎಷ್ಟು? ಇಲ್ಲಿ ಮತ್ತೆ ಅದೇ ಗೋಡೆ ಅಡ್ಡ ಬರುತ್ತದೆ. ತಿಂಗಳಿಗೆ 190 ಉರಿಸುತ್ತಿದ್ದ ಮನೆ 163ಕ್ಕೆ ಇಳಿದರೆ 27ನ್ನು 4.80ರಿಂದ ಗುಣಿಸಿ, 129 ರೂಪಾಯಿ 60 ಪೈಸೆ. 350 ಉರಿಸುವ ಮನೆ 323ಕ್ಕೆ ಇಳಿದರೆ ಒಂಬತ್ತರ ದರದಲ್ಲಿ 243 ರೂಪಾಯಿ. 215 ಉರಿಸುವ ಮನೆ 188ಕ್ಕೆ ಇಳಿಯಿತು ಅನ್ನಿ, ಮೊದಲಿನ ಬಿಲ್ಲು 1,135.50, ಈಗಿನದು 762.40. ಉಳಿದದ್ದು 373 ರೂಪಾಯಿ 10 ಪೈಸೆ. ಫ್ಯಾನ್ ಅದೇ, ಗಾಳಿ ಅದೇ. 3,000 ರೂಪಾಯಿ ಕೊಟ್ಟು ತಂದದ್ದಾದರೆ, ಇದೇ ಬಳಕೆ ನಡೆದರೆ, ಮೂರನೆಯ ಮನೆಯಲ್ಲಿ ಎಂಟೊಂಬತ್ತು ತಿಂಗಳಿಗೆ ಅಸಲು ಕೈಸೇರುತ್ತದೆ. ಮೊದಲನೆಯ ಮನೆಯಲ್ಲಿ ಸುಮಾರು ಎರಡು ವರ್ಷ ಬೇಕು. ಅಂಗಡಿಯವನು ಎಲ್ಲರಿಗೂ ಒಂದೇ ಮಾತು ಹೇಳುತ್ತಾನೆ. ಸರಿಯಾದ ಉತ್ತರ ನಿಮ್ಮ ಚೀಟಿಯಲ್ಲಿದೆ.

ಮನೆಯ ಮೀಟರನ್ನೇ ಪಾಠಶಾಲೆ ಮಾಡಿಕೊಳ್ಳಬಹುದು. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತದೆ. ಪಕ್ಕದಲ್ಲೇ ಎಷ್ಟು ಮಿನುಗಿಗೆ ಒಂದು ಯೂನಿಟ್ ಎಂದು ಅಚ್ಚಾಗಿರುತ್ತದೆ. ಕೆಲವದರಲ್ಲಿ 1,600, ಕೆಲವದರಲ್ಲಿ 3,200, ಕೆಲವದರಲ್ಲಿ 6,400. 3,200ರದ್ದು ಎಂದುಕೊಳ್ಳೋಣ. ಗಡಿಯಾರ ನೋಡಿ ಒಂದು ನಿಮಿಷ ಎಣಿಸಿ. 16 ಸಲ ಮಿನುಗಿತು. ಗಂಟೆಗೆ 16 ಅರವತ್ತಲೆ 960. ಅದನ್ನು 3,200ರಿಂದ ಭಾಗಿಸಿದರೆ 0.3. ಅಂದರೆ ಈ ಕ್ಷಣ ನಿಮ್ಮ ಮನೆ 300 ವಾಟ್ ಎಳೆಯುತ್ತಿದೆ. ಮೇಲಿನ ಮನೆಯ ಹುಡುಗನಿಗೆ ಇದನ್ನು ತೋರಿಸಿದ ಮೇಲೆ ಅವನು ಒಂದೊಂದೇ ಸ್ವಿಚ್ ಹಾಕಿ, ಆರಿಸಿ ಮನೆಯ ಪ್ರತಿ ಉಪಕರಣದ ಎಳೆತ ಬರೆದಿಟ್ಟ. ಎಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ತೆಗೆದ ಮೇಲೆ ದೀಪ ಮಿನುಗುತ್ತಲೇ ಇದ್ದರೆ ಎಲ್ಲೋ ಏನೋ ಎಳೆಯುತ್ತಿದೆ ಎಂದು ಅರ್ಥ. ಸೆಟ್‌ಟಾಪ್ ಬಾಕ್ಸ್ ಇರಬಹುದು, ಮರೆತ ಚಾರ್ಜರ್ ಇರಬಹುದು, ವೈರಿಂಗಿನ ದೋಷವೂ ಇರಬಹುದು. ವೈರಿಂಗ್ ಎಂದು ಅನುಮಾನ ಬಂದರೆ ತಿಳಿದವರನ್ನು ಕರೆಸಿ, ನೀವೇ ಕೈ ಹಾಕಬೇಡಿ.

ಮನೆವಾರ್ತೆಯ ಈ ಲೆಕ್ಕಕ್ಕೆ ನಮ್ಮ ಕಡೆ ದೊಡ್ಡ ಪರಂಪರೆಯೇ ಇದೆ. ಸಿಕಂದರಾಬಾದಿನಿಂದ ವಾಡಿಗೆ ಹೋಗುವ ರೈಲಿನಲ್ಲಿ ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಕಾಗಿಣಾ ದಡದ ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ನಮ್ಮ ಕಾಚಿಗುಡದ ಶಾಲೆ ಹೊತ್ತಿರುವ ಹೆಸರು ಅದೇ ನೃಪತುಂಗನದು. ಆ ಗ್ರಂಥದ ಆರಂಭದಲ್ಲೇ ಮಹಾವೀರ ಗಣಿತ ಬೇಕಾಗುವ ಜಾಗಗಳನ್ನು ಎಣಿಸುತ್ತಾ ಅಡುಗೆಯನ್ನೂ ಸೇರಿಸುತ್ತಾನೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದು ತನ್ನ ಕೃತಿಗೆ ‘ವ್ಯವಹಾರಗಣಿತ’ ಎಂದು ಹೆಸರಿಟ್ಟ. ಅವರೆಲ್ಲ ಕಲಿಸಿದ ತ್ರೈರಾಶಿಕವೇ ಕರೆಂಟ್ ಬಿಲ್ಲಿಗೂ ಬೇಕಾದದ್ದು. ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು?

ರೀಡಿಂಗ್ ತೆಗೆದ ದಿನದಿಂದ ಇಪ್ಪತ್ತನೆಯ ದಿನ ಮೀಟರ್ ನೋಡಿದಿರಿ. 138 ಯೂನಿಟ್ ಆಗಿದೆ. 20 ದಿನಕ್ಕೆ 138 ಆದರೆ 30 ದಿನಕ್ಕೆ ಎಷ್ಟು? 138ನ್ನು 30ರಿಂದ ಗುಣಿಸಿ 20ರಿಂದ ಭಾಗಿಸಿದರೆ 207. ಹೀಗೇ ನಡೆದರೆ ಗೋಡೆ ದಾಟುತ್ತೀರಿ. ಈಗಲೂ ಹತ್ತು ದಿನ ಕೈಯಲ್ಲಿದೆ. 200ರಲ್ಲಿ 138 ಕಳೆದರೆ 62, ದಿನಕ್ಕೆ 6.2. ಇದುವರೆಗೆ ದಿನಕ್ಕೆ 6.9 ಉರಿಸಿದ್ದೀರಿ. ಇಳಿಸಬೇಕಾದದ್ದು ದಿನಕ್ಕೆ 0.7 ಯೂನಿಟ್ ಮಾತ್ರ, ಗೀಸರಿನ 21 ನಿಮಿಷ. ಹತ್ತು ದಿನ ಅಷ್ಟು ನೋಡಿಕೊಂಡರೆ ಇನ್ನೂರು ರೂಪಾಯಿಗೂ ಹೆಚ್ಚು ಉಳಿಯಿತು. ಬಿಲ್ಲು ಬಂದ ಮೇಲೆ ಈ ಲೆಕ್ಕ ಹಾಕಿದರೆ ಸಂಕಟ ಅಷ್ಟೇ ಉಳಿಯುತ್ತದೆ. ಇಪ್ಪತ್ತನೆಯ ದಿನ ಹಾಕಬೇಕು.

ದಿನಗಳನ್ನು ಎಣಿಸುವುದೂ ಮುಖ್ಯ. ಚೀಟಿಯಲ್ಲಿ ಹಿಂದಿನ ರೀಡಿಂಗ್ ತಾರೀಖು, ಈಗಿನ ತಾರೀಖು ಎರಡೂ ಇರುತ್ತವೆ. 33 ದಿನಕ್ಕೆ 203 ಯೂನಿಟ್ ಆಗಿದ್ದರೆ ದಿನಕ್ಕೆ ಸುಮಾರು 6.15, ಮೂವತ್ತು ದಿನಕ್ಕೆ ಸುಮಾರು 185. ನೀವು ಹೆಚ್ಚು ಉರಿಸಿಲ್ಲ, ದಿನ ಹೆಚ್ಚಾಗಿವೆ. ಸಂಶಯ ಬಂದರೆ ಹೀಗೆ ಬರೆದ ಕಾಗದ ಹಿಡಿದು ಕಚೇರಿಗೆ ಹೋಗಿ. ಬಾಯಿಮಾತಿನ ದೂರನ್ನು ತಳ್ಳಿಹಾಕಬಹುದು, ಅಂಕಿಯಿರುವ ಕಾಗದಕ್ಕೆ ಉತ್ತರ ಕೊಡಬೇಕಾಗುತ್ತದೆ.

2020ರ ಬೇಸಿಗೆ ನಿಮಗೆ ನೆನಪಿರಬೇಕು. ಲಾಕ್‌ಡೌನಿನಲ್ಲಿ ರೀಡಿಂಗಿಗೆ ಯಾರೂ ಮನೆಗೆ ಬರುವಂತಿರಲಿಲ್ಲ. ಹಿಂದಿನ ವರ್ಷದ ಬಿಲ್ಲಿನ ಆಧಾರದಲ್ಲಿ ತಾತ್ಕಾಲಿಕವಾಗಿ ಹಣ ಕಟ್ಟಿಸಿಕೊಂಡು, ಜೂನಿನಲ್ಲಿ ತಿಂಗಳುಗಳ ರೀಡಿಂಗನ್ನು ಒಟ್ಟಿಗೆ ತೆಗೆದು ತಿಂಗಳಿಗಿಷ್ಟು ಎಂದು ಸರಾಸರಿ ಹಾಕಿದರು. ಊರೆಲ್ಲ ಗದ್ದಲವಾಯಿತು. ಗುಂಪುಗಳಿರುವ ದರಪಟ್ಟಿಯಲ್ಲಿ ಸರಾಸರಿ ಎಂಬುದು ಸಾಧು ಪ್ರಾಣಿಯಲ್ಲ. ಈಗಿನ ದರದಲ್ಲೇ ನೋಡಿ. ಒಂದು ಮನೆ ಮೂರು ತಿಂಗಳಲ್ಲಿ 90, 130, 230 ಉರಿಸಿತು. ತಿಂಗಳು ತಿಂಗಳಿನ ಲೆಕ್ಕದಲ್ಲಿ 221.50, 484, 1,251. ಒಟ್ಟು 1,956.50. ಮೂರನ್ನೂ ಕೂಡಿ 450, ತಿಂಗಳಿಗೆ 150 ಎಂದು ಹಾಕಿದರೆ 580ರಂತೆ ಮೂರು ತಿಂಗಳಿಗೆ 1,740. ಇವರಿಗೆ ಸರಾಸರಿಯಿಂದ ಲಾಭ. ಇನ್ನೊಂದು ಮನೆ 95, 95, 125. ತಿಂಗಳಿನ ಲೆಕ್ಕದಲ್ಲಿ 237, 237, 460, ಒಟ್ಟು 934. ಸರಾಸರಿ 105. ತಿಂಗಳಿಗೆ 364ರಂತೆ 1,092. ಇವರಿಗೆ 158 ರೂಪಾಯಿ ನಷ್ಟ. ಒಂದೇ ಪದ್ಧತಿ ಒಬ್ಬರಿಗೆ ಕೊಟ್ಟಿತು, ಇನ್ನೊಬ್ಬರಿಂದ ಕಿತ್ತುಕೊಂಡಿತು.

ಈಗ ನನ್ನ ಮನಸ್ಸಿಗೆ ಹೆಚ್ಚು ಹತ್ತಿರದ ಲೆಕ್ಕಕ್ಕೆ ಬರುತ್ತೇನೆ, ಪೋರ್ಷನ್ ಮನೆಗಳ ಲೆಕ್ಕಕ್ಕೆ. ಹೈದರಾಬಾದಿನಲ್ಲಿ ಬಾಡಿಗೆಗೆ ಇದ್ದವರಿಗೆ ಪೋರ್ಷನ್ ಎಂದರೆ ವಿವರಿಸಬೇಕಿಲ್ಲ. ಒಂದೇ ಮನೆಯಲ್ಲಿ ಎರಡು ಮೂರು ಸಂಸಾರ, ಸರ್ಕಾರದ್ದು ಒಂದೇ ಮೀಟರ್, ಒಳಗೆ ಮಾಲೀಕರು ಹಾಕಿಸಿದ ಸಬ್‌ಮೀಟರುಗಳು. ಬೀದರ, ರಾಯಚೂರು, ಯಾದಗಿರಿ ಕಡೆಯಿಂದ ಕೆಲಸಕ್ಕೆಂದು ಬಂದ ಎಷ್ಟೋ ಸಂಸಾರಗಳು ಮೊದಲು ಇಳಿಯುವುದು ಇಂಥ ಮನೆಗಳಲ್ಲೇ.

ಒಂದು ಮೀಟರಿನ ಕೆಳಗೆ ಎರಡು ಸಂಸಾರ ಎಂದುಕೊಳ್ಳಿ. ದೊಡ್ಡ ಸಂಸಾರ 140 ಯೂನಿಟ್ ಉರಿಸಿತು. ಹೊಸದಾಗಿ ಮದುವೆಯಾದ ಗಂಡಹೆಂಡತಿ 80. ಬೇರೆ ಬೇರೆ ಮೀಟರ್ ಇದ್ದಿದ್ದರೆ ಮೊದಲನೆಯವರಿಗೆ 532 ರೂಪಾಯಿ, ಎರಡನೆಯವರಿಗೆ 190 ರೂಪಾಯಿ 50 ಪೈಸೆ. ಎರಡೂ ಸೇರಿ 722.50. ಒಂದೇ ಮೀಟರ್ ಆದ್ದರಿಂದ ಒಟ್ಟು 220 ಯೂನಿಟ್, ಗೋಡೆ ದಾಟಿತು. 1,020ಕ್ಕೆ 154 ಕೂಡಿ 1,174. ಯಾರೂ ಒಂದು ದೀಪವನ್ನೂ ಹೆಚ್ಚಿಗೆ ಉರಿಸದೆ 451 ರೂಪಾಯಿ 50 ಪೈಸೆ ಹೆಚ್ಚಾಯಿತು. ಒಂದೇ ಸೂರಿನಡಿ ಇದ್ದದ್ದಕ್ಕೆ ತೆತ್ತ ಬೆಲೆ ಅದು.

ಇದನ್ನು ಹೇಗೆ ಹಂಚಬೇಕು? ಬಹಳ ಕಡೆ ಮಾಲೀಕರು ಯೂನಿಟ್ಟಿಗೆ ಎಂಟು ರೂಪಾಯಿ, ಹತ್ತು ರೂಪಾಯಿ ಎಂದು ಒಂದು ದರ ಹೇಳಿಬಿಡುತ್ತಾರೆ. ಎಂಟರಂತೆ ಆದರೆ 1,760 ಕೂಡುತ್ತದೆ, ಬಿಲ್ಲಿಗಿಂತ 586 ಹೆಚ್ಚು. ನೀರಿನ ಮೋಟರು, ಮೆಟ್ಟಿಲಿನ ದೀಪ ಎಂದು ಅವರು ಹೇಳುವುದು ಸುಳ್ಳಲ್ಲ. ಆದರೆ ಅದನ್ನೂ ಅಳೆಯಬಹುದು. ದೊಡ್ಡ ಮೀಟರಿನ ಅಂಕಿಯಿಂದ ಸಬ್‌ಮೀಟರುಗಳ ಮೊತ್ತ ಕಳೆದರೆ ಉಳಿಯುವುದೇ ಮೋಟರು, ಮೆಟ್ಟಿಲಿನ ದೀಪ. ಬಿಲ್ಲಿನ ಚೀಟಿಯನ್ನು ಬಾಡಿಗೆಯವರಿಗೆ ತೋರಿಸುವ ಮಾಲೀಕರೂ ಈ ಊರಲ್ಲಿ ಇದ್ದಾರೆ, ಅಂಥ ಮನೆಯಲ್ಲಿ ಜಗಳ ಹುಟ್ಟುವುದಿಲ್ಲ.

ಎರಡನೆಯ ದಾರಿ, 1,174ನ್ನು 220ರಿಂದ ಭಾಗಿಸಿ ಯೂನಿಟ್ಟಿಗೆ ಸುಮಾರು 5 ರೂಪಾಯಿ 34 ಪೈಸೆ ಎಂದು ಹಾಕುವುದು. ದೊಡ್ಡ ಸಂಸಾರಕ್ಕೆ 747, ಚಿಕ್ಕದಕ್ಕೆ 427. ನೋಡುವುದಕ್ಕೆ ನ್ಯಾಯ. ಆದರೆ ಬೇರೆ ಮೀಟರ್ ಇದ್ದಿದ್ದರೆ ಆ ಗಂಡಹೆಂಡತಿ 190.50 ಕಟ್ಟುತ್ತಿದ್ದರು. ಈಗ ಅದರ ಎರಡು ಪಟ್ಟಿಗೂ ಹೆಚ್ಚು. ಕಡಿಮೆ ಉರಿಸಿದವರ ಮೇಲೆಯೇ ಗೋಡೆಯ ಭಾರ ಹೆಚ್ಚು ಬಿದ್ದಿದೆ. ಅದಕ್ಕೆ ನಾನು ಮೂರನೆಯ ದಾರಿ ಹೇಳುತ್ತೇನೆ. ಬೇರೆ ಮೀಟರ್ ಇದ್ದಿದ್ದರೆ ಬರುತ್ತಿದ್ದ ಬಿಲ್ಲುಗಳ ಅನುಪಾತದಲ್ಲಿ ಹಂಚಿ. 722.50ಕ್ಕೆ 1,174 ಆದರೆ 190.50ಕ್ಕೆ ಎಷ್ಟು? ಸುಮಾರು 309 ರೂಪಾಯಿ 55 ಪೈಸೆ. 532ಕ್ಕೆ ಸುಮಾರು 864 ರೂಪಾಯಿ 45 ಪೈಸೆ. ಕೂಡಿದರೆ ಸರಿಯಾಗಿ 1,174. ಮತ್ತೆ ಅದೇ ತ್ರೈರಾಶಿಕ. ನನ್ನ ಪರಿಚಯದ ಒಂದು ಮನೆಯಲ್ಲಿ ಹೀಗೆ ಹಂಚಿಕೊಳ್ಳುತ್ತಿದ್ದಾರೆ. ಮೊದಲ ತಿಂಗಳು ದೊಡ್ಡ ಸಂಸಾರದ ಯಜಮಾನರು ಮುಖ ಗಂಟು ಹಾಕಿದರು. ಲೆಕ್ಕದ ಹಾಳೆ ನೋಡಿ ಒಪ್ಪಿದರು. ಆದರೂ ಮೂಲದ ಮದ್ದು ಬೇರೆ ಮೀಟರ್ ಹಾಕಿಸುವುದೇ. ತಿಂಗಳಿಗೆ 450 ಎಂದರೆ ವರ್ಷಕ್ಕೆ 5,400. ಮಾಲೀಕರ ಮುಂದೆ ಈ ಅಂಕಿ ಇಡಿ.

ನೀರಿನ ಲೆಕ್ಕಕ್ಕೆ ಬರೋಣ. 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದ ನಂತರ ಈ ಊರನ್ನು ಕಾಪಾಡುವ ಯೋಜನೆ ಹಾಕಲು ನಿಜಾಮ್ ಸರ್ಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಬಂದು ಅಳೆದು ಬರೆದು ಕೊಟ್ಟ ಅವರ ಸಲಹೆಯ ಫಲ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ. ಗಂಡಿಪೇಟೆಯ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಬೀದರ ಜಿಲ್ಲೆಯನ್ನು ಹಾದು ಬರುವ ಮಾಂಜ್ರಾ ಸಿಂಗೂರಿನಲ್ಲಿ ನಿಂತು ಇದೇ ನಗರದ ನಲ್ಲಿಗಳಿಗೆ ಬರುತ್ತಾಳೆ. ಕೃಷ್ಣೆಯೂ ಬರುತ್ತಾಳೆ. ನಲ್ಲಿ ತಿರುಗಿಸಿದಾಗ ಬೀಳುವುದರಲ್ಲಿ ಊರಿನ ನೀರೂ ಇದೆ ಎಂದು ನನಗೆ ಆಗಾಗ ಅನಿಸುತ್ತದೆ.

ಜಲಮಂಡಳಿಯ ಮನೆ ಸಂಪರ್ಕಕ್ಕೆ ತಿಂಗಳಿಗೆ 20 ಕಿಲೋಲೀಟರ್ ಉಚಿತ ಎಂಬ ಯೋಜನೆ 2021ರ ಜನವರಿಯಲ್ಲಿ ಆರಂಭವಾಯಿತು. ಮೀಟರ್ ಚಾಲ್ತಿಯಲ್ಲಿರಬೇಕು ಎಂಬುದು ಷರತ್ತು. ಒಂದು ಕಿಲೋಲೀಟರ್ ಎಂದರೆ ಸಾವಿರ ಲೀಟರ್, 20 ಲೀಟರಿನ ಐವತ್ತು ಕೊಡ. 20,000ವನ್ನು 30ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 667 ಲೀಟರ್. ಐದು ಜನರ ಮನೆಗೆ ತಲಾ 133. ನಗರಗಳಿಗೆ ತಲೆಗೆ 135 ಲೀಟರ್ ಎಂಬ ರಾಷ್ಟ್ರೀಯ ಮಾನಕ್ಕೆ ಸರಿಸುಮಾರು ಅಷ್ಟೇ. ದಿನ ಬಿಟ್ಟು ದಿನ ನೀರು ಬರುವ ಬಡಾವಣೆಯಾದರೆ ಬಂದ ದಿನ 1,333 ಲೀಟರ್ ತುಂಬಿಸಿಕೊಂಡರೆ ಲೆಕ್ಕ ಸಮ. ಸೋರುವ ನಲ್ಲಿಯ ಕೆಳಗೆ ಒಂದು ಲೀಟರಿನ ಚೊಂಬು ಇಟ್ಟು ನೋಡಿ. ಹತ್ತು ನಿಮಿಷಕ್ಕೆ ತುಂಬಿದರೆ ಗಂಟೆಗೆ ಆರು, ದಿನಕ್ಕೆ 144, ತಿಂಗಳಿಗೆ 4,320 ಲೀಟರ್. ಉಚಿತದ ಐದನೆಯ ಒಂದು ಪಾಲಿಗಿಂತ ಹೆಚ್ಚು ಚರಂಡಿಗೆ ಹೋಯಿತು. ವಾಷರ್ ಬದಲಿಸಿದರೆ ಮುಗಿಯುವ ಕೆಲಸ.

ಗ್ಯಾಸಿನದು ಎಲ್ಲಕ್ಕಿಂತ ಸುಲಭ. ಸಿಲಿಂಡರ್ ಹಚ್ಚಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಷ್ಟೇ. 14.2 ಕಿಲೋ ಗ್ಯಾಸ್ 40 ದಿನ ಬಂದರೆ ದಿನಕ್ಕೆ 355 ಗ್ರಾಂ. 2025ರ ಏಪ್ರಿಲ್‌ನಲ್ಲಿ ಹೈದರಾಬಾದಿನಲ್ಲಿ ಅದರ ಬೆಲೆ 905 ಆಯಿತು. ಆ ಬೆಲೆಗೆ ದಿನಕ್ಕೆ 22 ರೂಪಾಯಿ 63 ಪೈಸೆ. ಸಿಲಿಂಡರಿನ ಕೊರಳಪಟ್ಟಿಯ ಮೇಲೆ ಖಾಲಿ ತೂಕ ಬರೆದಿರುತ್ತದೆ. 15.6 ಎಂದಿದ್ದರೆ ತುಂಬಿದ್ದು 29.8 ತೂಗಬೇಕು. ತಂದವರಿಗೆ ತೂಗಿ ತೋರಿಸಿ ಎನ್ನುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಮೇಲಿನ ಮನೆಯ ಹುಡುಗನ ಕಥೆ ಅರ್ಧಕ್ಕೆ ನಿಂತಿತ್ತು. ಆ ಸಂಜೆಯ ನಂತರ ಅವರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರದ ಚೌಕದೊಳಗೆ ಮೀಟರಿನ ಅಂಕಿ ಬೀಳತೊಡಗಿತು. ಮುಂದಿನ ತಿಂಗಳು 191, ಅದರ ಮುಂದಿನದು 186. ಒಂದು ದಿನ ಅವನು ಮತ್ತೆ ಕೆಳಗಿಳಿದು ಬಂದ.

“ಅಕ್ಕೋರೆ, ಮೊದಲಿನ ಇನ್ನೂರು ಯೂನಿಟ್ ಆಗಲೇ ಉರದು ಹೋಗ್ಯಾವಲ್ಲ. ಮುಗದು ಹೋದದ್ದಕ್ಕ ಮತ್ತ ರೇಟು ಯಾಕ ಏರ್ತದ?”

ನಾನು ಅವನಿಗೆ ಕಾರಣ ಹೇಳಿದೆ. ಕಡಿಮೆ ಉರಿಸುವ ಬಡವರಿಗೆ ಅಗ್ಗದಲ್ಲಿ ಕೊಡಬೇಕು, ಆ ಅಗ್ಗ ಹೆಚ್ಚು ಉರಿಸುವವರಿಗೆ ಸಿಗಬಾರದು, ಅದಕ್ಕೆ ಹೀಗೆ ಗುಂಪು ಮಾಡಿದ್ದಾರೆ ಎಂದೆ. ಉದ್ದೇಶ ಒಳ್ಳೆಯದು, ನಾನೂ ಒಪ್ಪುತ್ತೇನೆ. ಆದರೆ 199 ಉರಿಸುವವರು ಬಡವರು, 201 ಉರಿಸುವವರು ಬಡವರಲ್ಲ ಎಂದು ಯಾವ ಗಣಿತವೂ ಹೇಳುವುದಿಲ್ಲ. ಹೆಚ್ಚುವರಿಯನ್ನು 201ರಿಂದ 260ರವರೆಗೆ ಹರಡಿದರೆ ಗೋಡೆ ಹೋಗಿ ಮೆಟ್ಟಿಲಾಗುತ್ತದೆ. ನಾವಿಬ್ಬರೂ ಕೂತು ಅದನ್ನೂ ಲೆಕ್ಕ ಹಾಕಿದೆವು. 1,020ಕ್ಕೂ 820ಕ್ಕೂ ನಡುವಿನ ಅಂತರ 200 ರೂಪಾಯಿ. ಅದನ್ನು 60 ಯೂನಿಟ್ಟಿಗೆ ಹಂಚಿದರೆ ಯೂನಿಟ್ಟಿಗೆ 3 ರೂಪಾಯಿ 33 ಪೈಸೆ. 7.70ರ ಜೊತೆ ಕೂಡಿದರೆ 11 ರೂಪಾಯಿ 3 ಪೈಸೆ. 203 ಉರಿಸಿದವರಿಗೆ 820ಕ್ಕೆ 33 ಸೇರಿ 853 ಬೀಳುತ್ತಿತ್ತು. 260 ಮುಟ್ಟಿದವರು ಈಗಿನಷ್ಟೇ ಕಟ್ಟುತ್ತಿದ್ದರು.

ದರ ನಿಗದಿಗೆ ಮೊದಲು ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕರಿಂದ ಆಕ್ಷೇಪಣೆ, ಸಲಹೆ ಕೇಳುತ್ತದೆ, ಬಹಿರಂಗ ವಿಚಾರಣೆ ನಡೆಸುತ್ತದೆ. ಯಾರು ಬೇಕಾದರೂ ಬರೆದು ಕೊಡಬಹುದು. ಈ ಸಲದ್ದಕ್ಕೆ ನಾನು ಬರೆದಿಟ್ಟುಕೊಂಡಿದ್ದೇನೆ. ಪತ್ರದ ಜೊತೆಗೆ ಆರನೆಯ ತರಗತಿಯ ಹುಡುಗನ ಕೈಬರಹದ ಲೆಕ್ಕದ ಹಾಳೆ ಇದೆ. ಮಧ್ಯದಲ್ಲಿ ಒಂದು ಕಡೆ ಹೊಡೆದು ಮತ್ತೆ ಬರೆದಿದ್ದಾನೆ, ಶುದ್ಧಪ್ರತಿ ಮಾಡಿಕೊಡಲೇ ಎಂದು ಕೇಳಿದ. ಹಾಗೇ ಇರಲಿ ಎಂದೆ.